ಕಿಡಿ ನುಂಗುವ ಕಾಲುಂಗುರ

ಬಣ್ಣದ ಕಾರ್ಖಾನೆಯ ಕೆಲಸದಾಕೆ ಹುಲಿಗೆಮ್ಮ ಪಾಲಿಯೆಸ್ಟರ್ ಸೆರಗನ್ನು ಪ್ಲಾಸ್ಟಿಕ್ ಕುರ್ಚಿಗೆ ಹತ್ತು ಸಲ ಉಜ್ಜಿ, ಖಾಲಿ ಡ್ರಮ್ಮಿನ ಕಡೆಗೆ ಬೆರಳು ಚಾಚಿದಳು. ನೋಡಲು ಬಂದಿದ್ದ ಅಧಿಕಾರಿಗಳು ಎರಡು ಹೆಜ್ಜೆ ಹಿಂದೆ ಸರಿದರು. ಏನೂ ಆಗಲಿಲ್ಲ.

"ಚಿಟ್ ಅನ್ನಂಗಿಲ್ರಿ ಈಗ," ಎಂದು ನಕ್ಕು ಅವಳು ಕಾಲಿನ ಬೆರಳು ಎತ್ತಿ ತೋರಿಸಿದಳು. ಅಲ್ಲಿ ಹೊಸ ಕಾಲುಂಗುರ ಹೊಳೆಯುತ್ತಿತ್ತು.

ಅದು 2054ನೆಯ ಇಸವಿ. ಬಳ್ಳಾರಿಯ ಗಾಳಿಯಲ್ಲಿ ತೇವ ಹೇಳಹೆಸರಿಲ್ಲದಂತಾಗಿತ್ತು. ಬಟ್ಟೆ, ಹಾಸಿಗೆ, ನೆಲ, ಎಲ್ಲವೂ ಪ್ಲಾಸ್ಟಿಕ್. ಒಂದಕ್ಕೊಂದು ಉಜ್ಜಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತು ತೇವವಿದ್ದರೆ ತಾನಾಗಿ ಸೋರಿಹೋಗುತ್ತದೆ. ಒಣಹವೆಯಲ್ಲಿ ಮೈಯಲ್ಲೇ ಕೂತಿದ್ದು, ಲೋಹ ಸಿಕ್ಕೊಡನೆ ಕಿಡಿಯಾಗಿ ಹಾರುತ್ತದೆ. ಚಿಲಕ ಮುಟ್ಟಿದರೆ ಚಿಟ್, ನಲ್ಲಿ ಮುಟ್ಟಿದರೆ ಚಿಟ್. ತಾಯಂದಿರು ಮಗುವನ್ನು ಎತ್ತಿಕೊಳ್ಳುವ ಮೊದಲು ಗೋಡೆ ಮುಟ್ಟುತ್ತಿದ್ದರು. ಮನೆಯಲ್ಲಿ ಅದು ಬರೀ ಕಿರಿಕಿರಿ. ಥಿನ್ನರಿನ ಆವಿ ತುಂಬಿದ ಬಣ್ಣದ ಕಾರ್ಖಾನೆಯಲ್ಲಿ ಹಾಗಲ್ಲ, ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ಮೈಯ ವಿದ್ಯುತ್ತು ಇಳಿಸಲು ವಿಜ್ಞಾನಿ ಮಂದಾಕಿನಿ ಮೊದಲು ಮಾಡಿದ್ದು ಚಪ್ಪಲಿ. ಕಾರ್ಖಾನೆಯ ಶೆಡ್ಡಿನೊಳಗೆ ದೇವಿಯ ಪಟವಿತ್ತು, ಹೆಂಗಸರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರುತ್ತಿದ್ದರು. ತಲೆಯ ಮೇಲೆ ಕೈಹೊತ್ತು ಕೂತ ಮಂದಾಕಿನಿಗೆ ದಾರಿ ತೋರಿಸಿದ್ದು ಹುಲಿಗೆಮ್ಮನೇ.

"ಚಪ್ಪಲಿ ಬಿಡ್ತೀವಿ, ಬಳಿ ಒಡೀತಾವ. ಕಾಲುಂಗುರ ಮಾತ್ರ ನಿದ್ದ್ಯಾಗೂ ತೆಗಿಯಂಗಿಲ್ರಿ, ಅಕ್ಕಾರ."

ಉಂಗುರದ ಮೈತುಂಬ ಕಣ್ಣಿಗೆ ಕಾಣದ ಮುಳ್ಳುಗಳನ್ನು ಮಂದಾಕಿನಿ ಬೆಳೆಸಿದಳು. ಮೈಯಲ್ಲಿ ಕೂತ ವಿದ್ಯುತ್ತನ್ನು ಅವು ಸದ್ದಿಲ್ಲದೆ, ಚೂರುಚೂರಾಗಿ ಗಾಳಿಗೆ ಬಿಡುತ್ತಿದ್ದವು. ಗಂಡಸರಿಗೆ ಕಡಗ, ಮದುವೆಯಾಗದ ಹುಡುಗಿಯರಿಗೆ ಕಾಲ್ಗೆಜ್ಜೆ, ಮುತ್ತೈದೆಯರಿಗೆ ಕಾಲುಂಗುರ. ಮಂದಾಕಿನಿಯೂ ಒಂದು ಜೊತೆ ಹಾಕಿಕೊಂಡಳು. ನಾಲ್ಕು ವರ್ಷ ಒಂದು ಕಾರ್ಖಾನೆಯೂ ಹೊತ್ತಲಿಲ್ಲ. ಅವಳಿಗೆ ಹಾರ ತುರಾಯಿ ಸಾಕುಸಾಕಾದವು. ಗಂಡ ತೀರಿಕೊಂಡ ಒಬ್ಬಿಬ್ಬರು ಕೆಲಸ ಬಿಟ್ಟು ಹೋಗಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ.

ಐದನೆಯ ವರ್ಷ ಹುಲಿಗೆಮ್ಮನ ಗಂಡ ಹೃದಯಾಘಾತದಿಂದ ಸತ್ತ. ಹನ್ನೊಂದನೆಯ ದಿನ ಮಂದಾಕಿನಿ ಮಾತಾಡಿಸಲು ಹೋದಳು. ಗೋಡೆಗೆ ಒರಗಿ ಕೂತವಳ ಬರಿಯ ಕಾಲ್ಬೆರಳಲ್ಲಿ ಉಂಗುರದ ಬಿಳಿಯ ಗುರುತಷ್ಟೇ ಉಳಿದಿತ್ತು. ನೋಡಬಾರದ್ದನ್ನು ನೋಡಿದವಳಂತೆ ಮಂದಾಕಿನಿ ಕಣ್ಣು ಬೇರೆಡೆ ಹೊರಳಿಸಿದಳು.

ನಾಲ್ಕು ದಿನಕ್ಕೆ, ಹುಲಿಗೆಮ್ಮ ಕೆಲಸಕ್ಕೆ ಮರಳಿದ ದಿನವೇ, ಥಿನ್ನರ್ ತುಂಬುವ ಶೆಡ್ಡು ಹೊತ್ತಿ ಉರಿಯಿತು.

ಆಸ್ಪತ್ರೆಯಲ್ಲಿ ಹುಲಿಗೆಮ್ಮನ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಪಕ್ಕದಲ್ಲಿ ಅತ್ತೆ ಗಂಗವ್ವ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು.

"ಬೆಳಿಗ್ಗೆ ಚಿಟ್ ಅಂದಿರಲಿಲ್ವಾ ಹುಲಿಗೆಮ್ಮ?" ಮಂದಾಕಿನಿ ಕೇಳಿದಳು.

"ಅಂದಿತ್ರಿ, ಬಾಗಲಾ ಮುಟ್ಟಿದಾಗನ. ಸ್ಟೋರಿನ್ಯಾಗ ಕೇಳಬೇಕಂದೆ. ಕಡಗ ಗಂಡಸರದು, ಗೆಜ್ಜಿ ಹುಡುಗ್ಯಾರದು, ಉಂಗುರ ಮುತ್ತೈದೇರದು. ಏನಂತ ಕೇಳಲಿ, ಅಕ್ಕಾರ?"

ಆ ಮೂರು ಪಟ್ಟಿ ಬರೆದವಳು ಮಂದಾಕಿನಿಯೇ. ಚೀಲದಿಂದ ಹೊಸ ಉಂಗುರ ತೆಗೆದಳು. ಹುಲಿಗೆಮ್ಮ ಸರ್ರನೆ ಕಾಲುಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಇದು ಬರೀ ಯಂತ್ರ ಕಣೇ. ಇಲ್ಲಿ ನೋಡು." ಮಂದಾಕಿನಿ ತನ್ನೆರಡು ಕಾಲುಂಗುರಗಳನ್ನೂ ಕಿತ್ತು ಕೆಳಗಿಟ್ಟು, ಸೆರಗನ್ನು ಕುರ್ಚಿಗೆ ಉಜ್ಜಿ, ಕಿಟಕಿಯ ಸರಳು ಮುಟ್ಟಿದಳು. ಚಿಟ್! ಐದು ವರ್ಷದಲ್ಲಿ ಮೊದಲ ಸಲ ಬೆರಳು ಜುಮ್ಮೆಂದಿತು.

"ಅಯ್ಯ ನಮ್ಮವ್ವ! ಗಂಡ ಇರೋ ಹೆಣ್ಮಕ್ಕಳು ಹಂಗ ತೆಗೀತಾರೇನ್ರಿ?" ಗಂಗವ್ವ ಎದ್ದೇ ನಿಂತಳು.

"ಹಾಕ್ಕೋರಿ ಅಕ್ಕಾರ," ಸುಟ್ಟ ಕೈ ಎತ್ತಲಾರದೆ ಹುಲಿಗೆಮ್ಮ ಬೇಡಿಕೊಂಡಳು. "ನನ್ನ ಗತಿ ನಿಮಗ ಬ್ಯಾಡ."

ನಕ್ಕುಬಿಡಬೇಕೆಂದುಕೊಂಡಳು ಮಂದಾಕಿನಿ. ಆದರೆ ಬೆಳಿಗ್ಗೆ ಬೈಕು ಹತ್ತಿ ಹೊಸಪೇಟೆಗೆ ಹೊರಟ ಗಂಡನ ಮುಖ ಕಣ್ಣೆದುರು ಬಂತು. ಇನ್ನೂ ಫೋನು ಬಂದಿಲ್ಲ.

ಬಗ್ಗಿ, ಉಂಗುರಗಳನ್ನು ಮತ್ತೆ ಬೆರಳಿಗೆ ಏರಿಸಿದಳು. ಎರಡನೆಯದನ್ನು ಬೆರಳಿನ ಬುಡದವರೆಗೂ ಒತ್ತಿ ಕೂರಿಸಿದಳು.