ನೆತ್ತಿಯಿಂದ ಇಳಿಸಿದ್ದು

"ಚೇಳು ಕಡಿದಿಲ್ಲಂದ್ರ ಆಕಿ ಮುಂದ ಹೋಗಿ ಕೂಡಬ್ಯಾಡ್ರಿ ಸರ್," ಎಂದ ಶಾಲೆಯ ಜವಾನ ಜಗದೇವಪ್ಪ. "ಅಂಬಮ್ಮನ ಮಂತ್ರ ಮೈಯಾಗಿಂದು ಏನರ ಹಿಡಕೊಂಡೇ ಇಳೀತದ. ಖಾಲಿ ಕೈಲೆ ಹೊಳ್ಳಂಗಿಲ್ಲ."

ಮುಕುಂದ ನಕ್ಕುಬಿಟ್ಟ. ಕಮಲಾಪುರದ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಕಲಬುರಗಿಯಿಂದ ಬಂದು ಎರಡು ತಿಂಗಳಾಗಿರಲಿಲ್ಲ, ಆಗಲೇ ಊರಿನ ಕಣ್ಣು ತೆರೆಸುವ ಹುಮ್ಮಸ್ಸು ತಲೆಗೇರಿತ್ತು. ೧೯೮೬ರ ಆಗಸ್ಟ್ ಅದು. ಕಲಬುರಗಿಯ ಗಾಜಿಪುರ ಓಣಿಯ ಮಾವನ ಮನೆಯಲ್ಲಿ ಹೆಂಡತಿ ಸಾವಿತ್ರಿ ಹೆಣ್ಣುಮಗು ಹೆತ್ತು ಒಂಬತ್ತು ದಿನ. ಪುರುಡನ್ನೂ ಲೆಕ್ಕಿಸದೆ ಮಗುವನ್ನು ಎತ್ತಿಕೊಂಡಿದ್ದ. ಎದೆ ತುಂಬಿ ಬಂದಿತ್ತು. ಭಾನುವಾರ ತೊಟ್ಟಿಲು. ಅಲ್ಲಿಯವರೆಗಿನ ಮೂರು ದಿನ ನೂಕುವುದೇ ಕಷ್ಟವಾಗಿತ್ತು.

ಆ ಮಧ್ಯಾಹ್ನ ಚೇಳು ಕಡಿದವನಂತೆ ಬಲಗೈ ಹಿಡಿದು ನರಳುತ್ತ ಅಂಬಮ್ಮನ ಮನೆ ಹೊಕ್ಕ. ಚೇಳು ಕಡಿಯಿತೆಂದು ಬಂದವರನ್ನು ಆಕೆ ಹಿಂದಕ್ಕೆ ಕಳಿಸುವಂತಿರಲಿಲ್ಲ, ಗುರುವಿಗೆ ಕೊಟ್ಟ ಮಾತು. ಉರಿ ಎಲ್ಲಿಯತನಕ ಏರಿದೆ ಎಂದು ಕಡಿಸಿಕೊಂಡವರೇ ಹೇಳಬೇಕು. ಆಕೆ ಅಲ್ಲಿಂದ ಇಳಿಸುತ್ತಾಳೆ.

ಕಿಟಕಿಯಿಲ್ಲದ ಕೋಣೆ. ಲೋಬಾನದ ಹೊಗೆ, ಹಸಿ ಸಗಣಿಯ ವಾಸನೆ, ಜಜ್ಜಿದ ಬೇವಿನ ಕಹಿ ಗಾಳಿ. ಕತ್ತಲಲ್ಲಿ ಬಳೆಯ ಸದ್ದಷ್ಟೇ ಕೇಳುತ್ತಿತ್ತು.

"ಎಲ್ಲೀತನ ಏರ್ಯಾದ, ಯಪ್ಪಾ?"

ಮೊಣಕೈ ಎಂದಿದ್ದರೆ ಸಾಕಿತ್ತು. ಆದರೆ ನಾಳೆ ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಬೇಕಲ್ಲ. "ನೆತ್ತೀತನ," ಎಂದ.

ಬಳೆಯ ಸದ್ದು ನಿಂತಿತು. "ಖರೇ ಹೇಳು. ನೆತ್ತಿಗಿ ಸೊಪ್ಪು ಮುಟ್ಟಿಸಿದ್ರ ನಡುವ ನಿಲ್ಲಸಾಕ ಬರಂಗಿಲ್ಲ."

"ಖರೇನ ಅದರೀ."

ಬೇವಿನ ಸೊಪ್ಪು ನೆತ್ತಿಗೆ ತಾಗಿತು. ಹಣೆಗಿಳಿಯಿತು. ಗಂಟಲಲ್ಲಿ ಏನೋ ಸಡಿಲವಾಯಿತು. ಏಳಬೇಕೆನಿಸಿತು. ಕಾಲು ಏಳಲಿಲ್ಲ. ಸೊಪ್ಪು ಎದೆಗೆ ಬಂತು. ಹೆದರಿಕೆಯಾಯಿತು. ಸೊಪ್ಪು ಸರಿಯಿತು. ಹೆದರಿಕೆಯೂ ಹೋಯಿತು. ಭುಜ. ಮೊಣಕೈ. ಬೆರಳು. ಆಕೆ ಸೊಪ್ಪನ್ನು ನೆಲಕ್ಕೆ ಬಡಿದಳು. ಮೂಲೆಯಲ್ಲಿದ್ದ ನಾಯಿ ಕುಂಯ್‌ಗುಟ್ಟಿ ಹೊರಗೋಡಿತು.

"ಹ್ಯಾಂಗನಸ್ತದ್ರಿ ಸರ್?" ಹೊರಗೆ ಕಾದಿದ್ದ ಜಗದೇವಪ್ಪ ಕೇಳಿದ.

"ಏನೂ ಅನಸವಲ್ದು," ಎಂದ ಮುಕುಂದ. ನಗಲು ನೋಡಿದ, ನಗು ಬರಲಿಲ್ಲ.

ಭಾನುವಾರ ಗಾಜಿಪುರದ ಬಚ್ಚಲಲ್ಲಿ ಅತ್ತೆ ತುಂಗಾಬಾಯಿ ಕಾಲು ಚಾಚಿ, ಎಣ್ಣೆ ಹಚ್ಚಿದ ಮಗುವನ್ನು ಅದರ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಹಂಡೆಯ ನೀರನ್ನು ಬಕೆಟ್ಟಿಗೆ ತೋಡಿ, ತಣ್ಣೀರು ಬೆರೆಸುವ ಕೆಲಸ ಅವನದಾಯಿತು.

"ಹದಾ ಅದ ಏನು, ಕೈ ಇಟ್ಟು ನೋಡ್ರಿ," ಎಂದಳು ಸಾವಿತ್ರಿ.

ಅವನು ಮಣಿಕಟ್ಟಿನವರೆಗೆ ಕೈ ಇಳಿಸಿದ. "ಹದಾ ಅದ."

ತುಂಗಾಬಾಯಿ ತಂಬಿಗೆ ತುಂಬಿ ಎತ್ತಿದಳು. ಒಂದು ಹನಿ ಅವಳ ಮೊಣಕಾಲಿಗೆ ಬಿತ್ತು. ಚೀರಿ ತಂಬಿಗೆಯನ್ನು ಗೋಡೆಗೆ ಎಸೆದಳು. ಮಗು ಬೆಚ್ಚಿ ಅತ್ತಿತು, ಅಷ್ಟೇ; ಅದಕ್ಕೇನೂ ಆಗಲಿಲ್ಲ. ಮುಕುಂದನ ಕೈ ಇನ್ನೂ ಬಕೆಟ್ಟಿನಲ್ಲೇ ಇತ್ತು. ಸಾವಿತ್ರಿ ಎಳೆದು ತೆಗೆದಾಗ ಚರ್ಮ ಕೆಂಪಾಗಿ ಉಬ್ಬುತ್ತಿತ್ತು.

ಏನಾಗಬಹುದಿತ್ತು ಎಂದು ಅವನಿಗೆ ಗೊತ್ತಾಯಿತು. ನಡುಗಬೇಕೆಂದೂ ಗೊತ್ತಿತ್ತು. ಕಾದ. ಒಳಗೆ ಏನೂ ಕದಲಲಿಲ್ಲ. ಸಂಜೆ ತೊಟ್ಟಿಲ ಹಾಡು ಕೇಳಿದ, ಮಗುವಿನ ಮುಖ ನೋಡಿದ. ಬಸ್ಸಿನಲ್ಲಿ ಪಕ್ಕ ಕೂತವರ ಮಗುವನ್ನು ನೋಡಿದಷ್ಟೇ ಆಯಿತು.

ಸಾವಿತ್ರಿ ಕೇಳಿ ಕೇಳಿ ಅವನ ಬಾಯಿಂದ ಎಲ್ಲ ಹೊರಡಿಸಿದಳು. ಮರುದಿನ, ಕಳೆದದ್ದನ್ನು ಅಂಬಮ್ಮನಿಂದಲೇ ಮರಳಿ ಪಡೆದು ಬರಲಿ ಎಂದು, ಅಳುತ್ತಲೇ ಅವನನ್ನು ಕಮಲಾಪುರಕ್ಕೆ ಕಳಿಸಿದಳು.

ಅಂಬಮ್ಮ ಅವನ ಗುಳ್ಳೆಯೆದ್ದ ಕೈ ಹಿಡಿದು ಒತ್ತಿದಳು. ಅವನು ಸುಮ್ಮನೆ ನೋಡುತ್ತಿದ್ದ. ಆಕೆ ಕೈಬಿಟ್ಟಳು.

"ನನಗ ಇಳಸೂದಷ್ಟೇ ಬರ್ತದ, ಯಪ್ಪಾ. ನೆಲಕ್ಕ ಬಿದ್ದದ್ದು ಮೈಗಿ ಏರಸೂದು ನನ್ನ ಗುರುವಿಗೂ ಬರ್ತಿರಲಿಲ್ಲ." ಆಕೆಯ ದನಿ ಒಡೆದಿತ್ತು. "ನಿನಗ ಅದು ಮತ್ತ ಬೇಕನಸ್ತದೇನು? ಬೇಕನಸಿದ್ರ ಒಳಗ ಎಲ್ಲ್ಯರ ಒಂದೀಟು ಉಳದದ ಅಂತ ತಿಳಕೋ. ಅದರಿಂದನೇ ಬೆಳೀತದ."

ಮುಕುಂದ ಪ್ರಾಮಾಣಿಕವಾಗಿಯೇ ಹುಡುಕಿದ. ಬಹಳ ಹೊತ್ತು ಹುಡುಕಿದ.

"ನನ್ನ ಹೆಂಡತಿ ಕಳಸ್ಯಾಳ್ರಿ," ಎಂದ. "ಅದಕ್ಕ ಬಂದೀನಿ."