ನಡುಗಡ್ಡೆಯ ಐವತ್ಮೂರನೇ ಪುಟ

“ಮೇಡಂ, ಹದಿನೆಂಟನೇ ಪುಟ ಖರೇನೋ, ಐವತ್ಮೂರನೇ ಪುಟ ಖರೇನೋ?”

ರಾಯಚೂರಿನ ಪುಸ್ತಕ ಪರಿಚಯದ ಸಭೆಯಲ್ಲಿ ನಲವತ್ತು ಜನ ಒಮ್ಮೆಲೇ ಹಿಂತಿರುಗಿ ನೋಡಿದರು. ಕೊನೆಯ ಸಾಲಿನಲ್ಲಿ ಕನ್ನಡಕದ ಯುವಕನೊಬ್ಬ ಪುಸ್ತಕ ಹಿಡಿದು ನಿಂತಿದ್ದ.

ವೇದಿಕೆಯ ಮೇಲಿದ್ದ ಮಲ್ಲೇಶ್ವರಿ ತನ್ನ ಪ್ರತಿಯನ್ನು ತೆರೆದಳು.

ಅದು ಅವಳ ಮೊದಲ ಪುಸ್ತಕ, ‘ನಡುಗಡ್ಡೆ’. ಕಾದಂಬರಿಯಲ್ಲ, ಆಟದ ಪುಸ್ತಕ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ, ಕೃಷ್ಣೆಯ ಪ್ರವಾಹದಲ್ಲಿ ಸಿಕ್ಕಿಬಿದ್ದ ಊರನ್ನು ಉಳಿಸುವ ಆಟ. ದೇವದುರ್ಗದ ಮಲ್ಲೇಶ್ವರಿ ರಾಯಚೂರಿನಲ್ಲಿ ಶಾಲಾ ಶಿಕ್ಷಕಿ. ಮೂರು ವರ್ಷ ಕೂತು ಅದರ ನಿಯಮಗಳನ್ನು ಬರೆದಿದ್ದಳು.

“ಹದಿನೆಂಟರಾಗ, ಗಾಯ ಆದವ್ರನ್ನ ಜೊತಿಗಿದ್ದವ್ರು ತಮ್ಮ ಅರ್ಧ ಬಲ ಕೊಟ್ಟು ಉಳಿಸಬೋದು ಅಂತ ಅದ. ಐವತ್ಮೂರರಾಗ, ನೀರು ಇಳಿಯೂ ತನಕ ಯಾರೂ ಅವ್ರನ್ನ ಮುಟ್ಟಂಗಿಲ್ಲ ಅಂತ ಅದ. ನಾಳಿ ಮಾನ್ವಿಯೊಳಗ ಆಡೋರಿದ್ದೀವಿ. ಯಾವ್ದು ಹಿಡೀಬೇಕ್ರಿ?”

‘ಅಯ್ಯೋ... ಎರಡೂ ಹೇಗೆ ಉಳಿದುಬಿಟ್ಟವು?’

ಎಲ್ಲರ ಕಣ್ಣೂ ಅವಳ ಮೇಲೇ ಇತ್ತು.

“ಐವತ್ಮೂರು!” ಎಂದುಬಿಟ್ಟಳು.

ಯುವಕ ಅದನ್ನು ಬರೆದುಕೊಂಡು ಕೂತ.

ಮರುದಿನ ಬೆಳಿಗ್ಗೆ ಹಳೆಯ ಹಸ್ತಪ್ರತಿ ತೆಗೆದು ನೋಡಿದಳು. ಐವತ್ಮೂರನೇ ಪುಟದ ಆ ಸಾಲನ್ನು ಅವಳು ಎಂದೋ ಹೊಡೆದುಹಾಕಿದ್ದಳು. ಹೇಗೋ ಅಚ್ಚಾಗಿಬಿಟ್ಟಿತ್ತು.

‘ಈಗ ಹೇಳಿದರೆ, ಬರೆದವಳಿಗೇ ತನ್ನ ಆಟ ಗೊತ್ತಿಲ್ಲ ಅಂತ ನಗುವುದಿಲ್ಲವೇ?’

ಅವಳು ಸುಮ್ಮನಾದಳು.

ಆ ಯುವಕ ಗೌತಮ, ಮಾನ್ವಿಯ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕ. ಪ್ರಕಾಶಕರಿಂದ ನಂಬರ್ ಪಡೆದು, ಪ್ರತಿ ಭಾನುವಾರ ಆಟ ಮುಗಿದ ಮೇಲೆ ಫೋನ್ ಮಾಡತೊಡಗಿದ. ನಿಯಮದ ಅನುಮಾನ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಮಾತು ಮಾತ್ರ ಒಂದು ತಾಸು! ಕುರ್ಡಿ ಹಳ್ಳಿಯಲ್ಲಿರುವ ಅವನ ಅವ್ವ ಶೇಖಮ್ಮನ ಸಿಟ್ಟು, ಅವಳ ಶಾಲೆಯ ಗದ್ದಲ... ಏನೇನೋ.

ಅವನ ಹೆಸರು ಫೋನಿನಲ್ಲಿ ಕಂಡರೆ ಅವಳಿಗೆ ಹೆದರಿಕೆ. ಕಾಣದಿದ್ದರೆ ಇನ್ನೂ ಹೆದರಿಕೆ.

‘ಇವತ್ತು ಹೇಳಿಬಿಡುತ್ತೇನೆ’ ಎಂದುಕೊಳ್ಳುವಳು. ಹೇಳಲಾಗುತ್ತಿರಲಿಲ್ಲ.

ಎರಡು ತಿಂಗಳು ಹೀಗೇ ಕಳೆಯಿತು. ಆಮೇಲೆ ಇದ್ದಕ್ಕಿದ್ದಂತೆ ಫೋನ್ ನಿಂತಿತು.

ಒಂದು ಭಾನುವಾರ... ಎರಡು... ಮೂರು.

ಮುಂದಿನ ಗುರುವಾರ, ಆಟಗಾರರ ವಾಟ್ಸಾಪ್ ಗುಂಪಿನಲ್ಲಿ ಗೌತಮನ ಸಂದೇಶ ಬಂತು: ‘ನಡುಗಡ್ಡೆ ಪುಸ್ತಕದಲ್ಲಿ ತಿದ್ದಬೇಕಾದ ಮೂವತ್ತೊಂದು ತಪ್ಪುಗಳು.’

ಬರುವ ಭಾನುವಾರ ದೇವದುರ್ಗದಲ್ಲಿ ಮೊದಲ ದೊಡ್ಡ ಆಟದ ಕೂಟ. ಅವಳದೇ ಊರು! ಅಪ್ಪ ಪಕೀರಪ್ಪ ಗೆಳೆಯರಿಗೆಲ್ಲ ಹೇಳಿ ಇಟ್ಟಿದ್ದ.

‘ಇಷ್ಟು ದಿನ ಮಾತಾಡಿದ್ದು ತಪ್ಪು ಹುಡುಕಲಿಕ್ಕೇನಾ?’

ಅಳುತ್ತಲೇ ಅವನ ನಂಬರ್ ಬ್ಲಾಕ್ ಮಾಡಿದಳು.

ಶುಕ್ರವಾರ ಶಾಲೆ ಬಿಟ್ಟವಳೇ ಫರ್ಹೀನ್ ಬಳಿಗೆ ಹೋದಳು. ಕಾಲೇಜಿನ ಗೆಳತಿ ಫರ್ಹೀನ್, ‘ನಡುಗಡ್ಡೆ’ಯ ಪ್ರಕಾಶಕಿ, ಪುಟ ಜೋಡಿಸಿದವಳೂ ಅವಳೇ.

ಎಲ್ಲ ಕೇಳಿದ ಫರ್ಹೀನಳ ಮುಖ ಸಣ್ಣದಾಯಿತು. ಡ್ರಾವರಿನಿಂದ ಒಂದು ಲಕೋಟೆ ತೆಗೆದಳು.

“ಮಲ್ಲಿ... ಇದು ಬಂದು ಮೂರು ವಾರ ಮ್ಯಾಲಾತು. ಒಳಗ ತಪ್ಪಿನ ಪಟ್ಟಿ ಅದ. ಹಳೇ ಫೈಲಿನ ಪುಟ ಸೇರಿಸಿದಾಕಿ ನಾನ. ನೀ ಬೈತಿ ಅಂತ ಹೆದರಿ ಮುಚ್ಚಿಟ್ಟೆ... ಮಾಫ್ ಮಾಡೇ.”

ಪಟ್ಟಿಯ ಹಿಂದೆ ಗೌತಮನ ಪತ್ರವಿತ್ತು.

‘ನಿಮ್ಮ ಪುಸ್ತಕವನ್ನು ಐದು ಸಲ ಓದಿದೆ. ತಪ್ಪು ಹುಡುಕಲಿಕ್ಕಲ್ಲ. ಓದುವಾಗ ನಿಮ್ಮ ದನಿ ಕೇಳಿದಂತಾಗುತ್ತದೆ. ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ಇಷ್ಟವಿಲ್ಲದಿದ್ದರೆ ಉತ್ತರಿಸಬೇಡಿ, ಮತ್ತೆಂದೂ ಫೋನ್ ಮಾಡುವುದಿಲ್ಲ. ಆದರೆ ಐವತ್ಮೂರನೇ ಪುಟವನ್ನು ಒಮ್ಮೆ ನೋಡಿ. ಅದರಿಂದ ನಮ್ಮ ಜೊತೆ ಆಡುತ್ತಿದ್ದ ಉಮ್ಮೇ ಕುಲ್ಸುಮ್ ಆಂಟಿ ಆಟವನ್ನೇ ಬಿಟ್ಟಿದ್ದಾರೆ.’

ಅವಳು ಉತ್ತರಿಸಿರಲಿಲ್ಲ. ಅವನು ಮಾತು ಉಳಿಸಿಕೊಂಡಿದ್ದ, ಅಷ್ಟೇ!

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನದ ಬಸ್ಸಿಗೆ ಮಾನ್ವಿಯಲ್ಲಿಳಿದು, ಗೌತಮನ ನಂಬರಿನ ಬ್ಲಾಕ್ ತೆಗೆದು ಫೋನ್ ಮಾಡಿದಳು.

ಗೌತಮ ಓಡುತ್ತಲೇ ಬಂದ.

“ಗುಂಪಿನ್ಯಾಗ ಹಾಕಿದ್ದು ತಪ್ಪಾತ್ರಿ. ನಾಳಿ ಎಪ್ಪತ್ತು ಮಂದಿ ಬರ್ತಾರ, ಒಂದೊಂದು ಮೇಜಿಗೆ ಒಂದೊಂದು ನಿಯಮ ಆಗ್ತದಂತ ಹಾಕ್ದೆ. ನಿಮಗ ಫೋನ್ ಮಾಡಂಗಿಲ್ಲ ಅಂತ ನಾನ ಬರ್ದಿದ್ದೆ...”

“ನಿಮ್ಮ ಪತ್ರ ನನಗ ಸಿಕ್ಕಿದ್ದ ನಿನ್ನೆ.”

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು.

“ಮೊದ್ಲ ಆಂಟಿ ಮನಿಗಿ ಕರ್ಕೊಂಡು ಹೋಗ್ರಿ. ಉಳಿದದ್ದು ಆಮ್ಯಾಲ.”

ನಿವೃತ್ತ ನರ್ಸ್ ಉಮ್ಮೇ ಕುಲ್ಸುಮ್ ಬಾಗಿಲು ತೆರೆದರು, ನಗಲಿಲ್ಲ.

“ಮೂವತ್ತು ವರ್ಷ ದವಾಖಾನಿಯೊಳಗ ಕೆಲ್ಸ ಮಾಡೀನಿ ಬೇಟಾ. ಕಣ್ಮುಂದ ಮನುಷ್ಯಾ ಸಾಯಾಕತ್ತಿದ್ರ ಮುಟ್ಟಬ್ಯಾಡ ಅಂತ ನನಗ ಯಾರೂ ಹೇಳಿರ್ಲಿಲ್ಲ. ನಿನ್ನ ಕಿತಾಬು ಹೇಳ್ತು.”

ಮಲ್ಲೇಶ್ವರಿ ಹೊಸ್ತಿಲಲ್ಲೇ ನಿಂತು ಹೇಳಿದಳು.

“ಕಿತಾಬು ಅಲ್ಲ ಆಂಟಿ... ನಾನು. ಅವತ್ತು ಮಂದಿ ಮುಂದ ಹೆದರಿ, ಗೊತ್ತಿಲ್ದ ಹೇಳ್ದೆ. ಮರುದಿನಾನ ಗೊತ್ತಾತು, ಆದ್ರೂ ಸುಮ್ನಿದ್ದೆ. ಹದಿನೆಂಟನೇ ಪುಟಾನ ಖರೇ. ನಾಳಿ ಎಲ್ಲರ ಮುಂದ ಹೇಳ್ತೀನಿ.”

ಗೌತಮನ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ‘ಎರಡು ತಿಂಗಳು ಮುಚ್ಚಿಟ್ಟವಳು ಅಂತ ಈಗ ಗೊತ್ತಾಯಿತಲ್ಲ...’

ಉಮ್ಮೇ ಕುಲ್ಸುಮ್ ಕೇಳಿದರು:

“ಹಂಗಾರ ಅವತ್ತು ಆಟದಾಗ ನನ್ನ ಕಣ್ಮುಂದ ಸತ್ತ ಅಂಬಿಗ?”

“ಈ ತಿದ್ದುಪಡಿ ಮೊದಲ ದಿನದಿಂದ್ಲೇ ಲೆಕ್ಕ, ಆಂಟಿ. ನೀವು ಅರ್ಧ ಬಲ ಕೊಟ್ರಿ. ಅಂವ ಬದುಕ್ಯಾನ.”

ಅವರ ಕಣ್ಣಲ್ಲಿ ನೀರಾಡಿತು. ಸೆರಗಿನಿಂದ ಒರೆಸಿಕೊಂಡು ಗದರಿದರು.

“ನಾಳಿ ದೇವದುರ್ಗಕ್ಕ ನನ್ನೂ ಕರ್ಕೊಂಡು ಹೋಗೋ ಗೌತಮ. ಮರೀಬ್ಯಾಡ!”

ಬಸ್ ನಿಲ್ದಾಣಕ್ಕೆ ಇಬ್ಬರೂ ನಡೆದು ಬಂದರು. ರಾಯಚೂರಿನ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟು ಅವಳು ತಿರುಗಿದಳು.

“ನಾ ಎಂಥಾಕಿ ಅಂತ ಗೊತ್ತಾತಲ್ರಿ. ಈಗ ಮನಸು ಬದಲಾಗಿರ್ಬೇಕು...”

“ಇಲ್ರಿ. ಅಲ್ಲಿ ನೀವು ಎಷ್ಟು ಹೆದರಿದ್ರಿ, ನೋಡ್ದೆ. ಆದ್ರೂ ಪೂರ್ತಿ ಹೇಳಿ ಮುಗಿಸಿದ್ರಿ.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ನಾ ಪತ್ರದಾಗ ಹೇಳಿದ್ದು ಈಗ ಬಾಯಿಲೇ ಹೇಳ್ತೀನಿ. ನನಗ ನೀವು ಬೇಕ್ರಿ, ಮಲ್ಲೇಶ್ವರಿ.”

“ರಾಯಚೂರು, ರಾಯಚೂರು! ಲಗೂನ ಹತ್ರಿ!” ಕಂಡಕ್ಟರ್ ಕೂಗಿದ.

“ಮುಂದಿನ ಬಸ್ಸು ಯಾವಾಗ ಅದ?” ಅವಳು ಕೇಳಿದಳು.

“ಅರ್ಧ ತಾಸಿಗಿ.”

ಅವಳು ಮೆಟ್ಟಿಲಿಂದ ಕಾಲು ಕೆಳಗಿಟ್ಟಳು.

“ಇದು ಹೋಗ್ಲಿ ಬಿಡು, ಗೌತಮ.”

ಬಸ್ಸು ಹೊರಟಿತು. ಅವನು ಮೆಲ್ಲಗೆ ಕೇಳಿದ:

“ಚಾ ಕುಡೀತಿಯೇನು?”

“ಹೂಂ... ಕುಡೀತೀನಿ.”