ಹಳದಿ ಬಳಿದ ಸ್ಪ್ರಿಂಗುಗಳು

ಆಗಸ್ಟ್ ಹನ್ನೊಂದು, ಸೋಮವಾರ, ಬೆಳಗಿನ ಎಂಟೂವರೆ. ದಿಯಾದೆಮ ಎಂಬ ಕಾರ್ಖಾನೆಗಳ ಊರಿನ ಠಾಣೆಯ ಇನ್‌ಸ್ಪೆಕ್ಟರ್ ಜಂದೀರಾ ಪೊರ್ತೇಲ ಬೆಣ್ಣೆ ಸವರಿ ಕಾಯಿಸಿದ ಬನ್ನಿಗೆ ಬಾಯಿ ಹಾಕುವಷ್ಟರಲ್ಲಿ ಇವೊನೇಚಿ ಎಂಬ ಹೆಂಗಸು ಮೇಜಿನ ಎದುರು ಬಂದು ನಿಂತಳು. ಕಂಕುಳಲ್ಲಿ ಬೈಬಲ್ಲು. ಅತ್ತೂ ಅತ್ತೂ ಕಣ್ಣು ಬತ್ತಿಹೋಗಿತ್ತು.

"ನನ್ ಗಂಡ ಕುಡಿದು ಸತ್ತ ಅಂತ ಬರ್ದಿದ್ದೀರಿ. ಅದನ್ನ ಹೊಡೆದುಹಾಕಿ."

"ಯಾರಮ್ಮಾ ನಿಮ್ಮ ಗಂಡ?"

"ಜೊಸಿಯಾಸ್. ಪ್ರೆಸ್ ಕಾರ್ಖಾನೇಲಿ ಗುರುವಾರ ಹೋದ್ರಲ್ಲ."

ಜಂದೀರಾಗೆ ನೆನಪಾಯಿತು. ಆಕಸ್ಮಿಕ ಸಾವೆಂದು ಎಫ್‌ಐಆರ್ ಆಗಿತ್ತು. ತಗಡು ಒತ್ತುವ ಡೈ ಎಂಬ ಉಕ್ಕಿನ ಅಚ್ಚೊಂದನ್ನು ರಿಪೇರಿಗೆ ಬಿಚ್ಚುವಾಗ ಸರಪಳಿಯಿಂದ ಉಕ್ಕಿನ ತಟ್ಟೆ ಜಾರಿ ಬಿದ್ದು ಸಾವು, ಕಾರಣ ಮದ್ಯಪಾನ, ಮೃತನ ಪೆಟ್ಟಿಗೆಯಲ್ಲಿ ಅರ್ಧ ಬಾಟಲಿ ಕಬ್ಬಿನ ಸಾರಾಯಿ. ಸತ್ತವನ ಮೇಲೆ ತಪ್ಪು ಹೊರಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಅವನೇನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ?

"ಹನ್ನೆರಡು ವರ್ಷದಿಂದ ನಮ್ಮ ಸಭೆಯೋರು ಮೇಡಂ. ಕ್ರಿಸ್‌ಮಸ್‌ಗೂ ಒಂದು ತೊಟ್ಟು ಮುಟ್ಟಿದೋರಲ್ಲ. ನಿನ್ನೆ ಸಭೇಲಿ ಯಾರೂ ನನ್ ಪಕ್ಕ ಕೂರ್ಲಿಲ್ಲ. ಪಾದ್ರಿಗಳು ದೇವರಿಗೇ ಗೊತ್ತು ಅಂದ್ರು. ದೇವರಿಗಂತೂ ಗೊತ್ತಿದೆ. ನಿಮಗೂ ಗೊತ್ತಾಗ್ಲಿ ಅಂತ ಬಂದೆ."

ಬನ್ನು ಆರಿಹೋಯಿತು. ದೂರು ಬರೆಸಿಕೊಂಡ ಜಂದೀರಾ ಶವಾಗಾರಕ್ಕೆ ಫೋನ್ ಮಾಡಿದಳು. ರಕ್ತದ ವರದಿ ಬರಲು ಇನ್ನೂ ದಿನ ಹಿಡಿಯುತ್ತಿತ್ತು. ಆದರೆ ಡಾಕ್ಟರು ಒಂದು ಮಾತು ಹೇಳಿದರು.

"ಪೆಟ್ಟು ಗದ್ದಕ್ಕೆ ಕೆಳಗಿಂದ ಬಿದ್ದಿದೆ. ನೆತ್ತಿ ಮೇಲೆ ಒಂದು ಗೀರೂ ಇಲ್ಲ."

"ಮೇಲಿಂದ ಬಿದ್ದ ತಟ್ಟೆ ಕೆಳಗಿಂದ ಹೊಡೆಯೋದು ಹೇಗ್ರೀ?"

"ಅದು ನಿಮ್ಮ ಕೆಲಸ. ನಾನು ಹೆಣ ಕೊಯ್ಯೋನು."

ಹನ್ನೊಂದು ಗಂಟೆಗೆ ಕಾನ್‌ಸ್ಟೆಬಲ್ ಬೆಂತೊನನ್ನು ಕರೆದುಕೊಂಡು ಕಾರ್ಖಾನೆಗೆ ಹೋಗಿ ಎರಡನೆಯ ಪಂಚನಾಮೆ ಶುರುಮಾಡಿದಳು. ಹೊರಗೆ ಜಿಟಿಜಿಟಿ ಹನಿ, ಒಳಗೆ ಪ್ರೆಸ್ಸುಗಳ ದಡಬಡ. ಡೈ ವಿಭಾಗದ ಮುಖ್ಯಸ್ಥ ಅನೀಸಿಯೊ ಮೇಸ್ತ್ರಿ. ಅರವತ್ತು ದಾಟಿದ, ಬಾಯಲ್ಲಿ ಸದಾ ಲವಂಗ ಇಟ್ಟುಕೊಂಡಿರುವ ಆಸಾಮಿ. ಹೆಣ ಮೊದಲು ಕಂಡವನೂ ಅವನೇ. ಡೈಯನ್ನು ಅವನೇ ತೋರಿಸಿದ. ಕೆಳಗೊಂದು ಉಕ್ಕಿನ ದಿಮ್ಮಿ, ಮೇಲೊಂದು ತಟ್ಟೆ, ನಡುವೆ ಗುಂಡಿಗಳಲ್ಲಿ ಕೂತ ಎಂಟು ಹಸಿರು ಸ್ಪ್ರಿಂಗು. ಅವನ್ನು ಅದುಮಿ ಹಿಡಿಯಲು ನಾಲ್ಕು ಬೋಲ್ಟು.

"ಬೋಲ್ಟ್ ಬಿಚ್ಚುವಾಗ ಸ್ಪ್ರಿಂಗೇ ತಟ್ಟೇನ ಹಾರಿಸಿದ್ರೆ?" ಎಂದಳು ಜಂದೀರಾ.

"ಹಸಿರು ಅಂದ್ರೆ ಮೆತ್ತನೇದು ಮೇಡಂ. ಬಿಚ್ಚಿದ್ರೆ ಬೆರಳಷ್ಟು ಏಳತ್ತೆ, ಅಷ್ಟೆ. ಗಟ್ಟಿ ಇರೋದು ಹಳದಿ. ಹಳದಿ ಇದ್ರೆ ಯಾರೂ ಹಾಗೇ ಬಿಚ್ಚಲ್ಲ. ಪ್ರೆಸ್ಸಿನಡಿ ಅದುಮಿಟ್ಟು ನಿಧಾನಕ್ಕೆ ಸಡಿಲಿಸ್ತೀವಿ."

ಜಂದೀರಾ ಒಂದು ಸ್ಪ್ರಿಂಗನ್ನು ಕೈಗೆತ್ತಿಕೊಂಡಳು. ಅವಳ ತಾಯಿ ಪ್ರೆಸ್ಸಿನ ಮುಂದೆಯೇ ಮುದುಕಿಯಾದವಳು. ಮನೆಯ ಬಾಗಿಲಿಗೆ ಆನಿಸಿಡಲು ತಂದಿದ್ದ ಹಳೆಯ ಸ್ಪ್ರಿಂಗಿಗೆ ಹೊಟ್ಟೆಯ ಸುತ್ತ ಬಣ್ಣವೇ ಇರಲಿಲ್ಲ, ಗುಂಡಿಯ ಗೋಡೆಗೆ ಉಜ್ಜಿ ಉಜ್ಜಿ ಸವೆದಿತ್ತು.

"ಈ ಡೈ ಓಡೋಕೆ ಶುರುವಾಗಿ ಎಷ್ಟು ದಿನ?"

"ಒಂದೂವರೆ ತಿಂಗಳು."

"ಸ್ಪ್ರಿಂಗ್ ಮಾತ್ರ ಮದುವಣಗಿತ್ತಿ ಹಂಗಿದಾವೆ?"

ಲವಂಗ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು. "ಹೊಸದು ಹಾಕಿದ್ವಿ."

"ಯಾವಾಗ? ಅವನು ಸಾಯೋಕೆ ಮುಂಚೆನೋ, ಆಮೇಲೋ?"

"ನಾನೇನೂ ಮುಚ್ಚಿಟ್ಟಿಲ್ಲ ಮೇಡಂ."

ಮುಚ್ಚಿಟ್ಟಿದ್ದೀಯ ಎಂದು ಯಾರೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದನ್ನು ಬೆಂತೊ ಕೂಡ ಗಮನಿಸಿದ.

ಮರುದಿನ ಸ್ಪ್ರಿಂಗ್ ಮಾರುವ ಕ್ಲೇಲಿಯಾಳ ಅಂಗಡಿ. ಆ ಕಾರ್ಖಾನೆಗೆ ಸರಕು ಕೊಡುವವಳು ಅವಳೇ.

"ಹಸಿರು ಸ್ಪ್ರಿಂಗ್ ಬಗ್ಗೆ ಕೇಳ್ಬೇಕಿತ್ತು," ಎಂದ ಬೆಂತೊ.

"ಬಣ್ಣ ಹೇಳ್ಕೊಂಡು ಬರೋರನ್ನ ಕಂಡ್ರೆ ನಂಗೆ ಮೈ ಉರಿಯತ್ತೆ. ಗುಂಡಿ ಎಷ್ಟಗಲ, ಸ್ಪ್ರಿಂಗ್ ಎಷ್ಟುದ್ದ, ಎಷ್ಟು ಅದುಮ್ತೀರಿ, ದಿನಕ್ಕೆ ಎಷ್ಟು ಏಟು, ಅದನ್ನ ಹೇಳಪ್ಪ. ಬಣ್ಣ ಕೊನೇದು." ಅವಳು ಎರಡು ಹಸಿರು ಸ್ಪ್ರಿಂಗು ಮೇಜಿನ ಮೇಲೆ ಕುಕ್ಕಿದಳು. "ಇದು ಯೂರೋಪಿನ ಲೆಕ್ಕದ ಹಸಿರು, ಎಲ್ಲಕ್ಕಿಂತ ಮೆತ್ತಗೆ. ಇದು ಅಮೆರಿಕದ ಲೆಕ್ಕದ್ದು, ಎಲ್ಲಕ್ಕಿಂತ ಗಟ್ಟಿ. ಒಂದು ಕುರಿ, ಒಂದು ಗೂಳಿ. ಎರಡಕ್ಕೂ ಒಂದೇ ಅಂಗಿ."

"ಅನೀಸಿಯೊ ಯಾವುದು ತಗೊಂಡ?" ಎಂದಳು ಜಂದೀರಾ.

"ಅವನಿಗೆ ಬೇಕಿದ್ದದ್ದು ಹಳದಿ. ದಪ್ಪ ತಗಡಿನ ಕೆಲಸ ಬಂದಿತ್ತಂತೆ. ಹಳದಿ ಇನ್ನೂ ಸಾಂತೋಸ್ ಬಂದರಲ್ಲೇ ಕೂತಿತ್ತು. ಅಮೆರಿಕದ ಹಸಿರು ಎಂಟು ಕೊಟ್ಟೆ. ಇಲ್ಲಿ ಹಸಿರು ಕಂಡ್ರೆ ಎಲ್ರೂ ಮೆತ್ತನೇದು ಅಂದ್ಕೊಳ್ತಾರೆ. ಅದಕ್ಕೇ ಅಂಥದ್ದು ಬಂದ್ರೆ ಮೊದಲು ಹಳದಿ ಬಣ್ಣದ ಡಬ್ಬಕ್ಕೆ ಅದ್ದಿ ಆಮೇಲೆ ಡೈಗೆ ಹಾಕೋದು ಇಲ್ಲಿಯವರ ಪದ್ಧತಿ. ಅದ್ದಿ ಹಾಕಪ್ಪಾ ಅಂದೆ. ನೀನು ಲಂಗ ಹಾಕೋಕೆ ಮುಂಚಿಂದ ಅದ್ದುತ್ತಿದ್ದೀನಿ ಕಣೇ ಅಂದ."

"ಲವಂಗ ಅಗೀತಿದ್ನಾ?"

"ಯಾವಾಗ್ಲೂ. ಲವಂಗ ಅಗಿಯೋ ಗಂಡಸಿಗೆ ಹಲ್ಲುನೋವಿರಬೇಕು, ಇಲ್ಲಾ ಗುಟ್ಟಿರಬೇಕು."

ಹತ್ತೊಂಬತ್ತನೇ ತಾರೀಖು ವರದಿಗಳು ಬಂದವು. ಜೊಸಿಯಾಸನ ರಕ್ತದಲ್ಲಿ ಮದ್ಯದ ಅಂಶವಿಲ್ಲ. ಬಾಟಲಿಯ ಮೇಲೆ ಅವನ ಒಂದು ಬೆರಳಚ್ಚೂ ಇಲ್ಲ. ಅದೇ ಮಧ್ಯಾಹ್ನ ನ್ಯಾಯಾಧೀಶರ ಆದೇಶ ಹಿಡಿದು ಇಬ್ಬರೂ ಕಾರ್ಖಾನೆಗೆ ಹೋದರು. ಅನೀಸಿಯೊನ ಕಪಾಟಿನಲ್ಲಿ ಹಳದಿ ಸ್ಪ್ರಿಂಗುಗಳು ಸಾಲಾಗಿ ನಿಂತಿದ್ದವು. ಬೆಂತೊ ಬೀಗದ ಕೈಯಿಂದ ಒಂದೊಂದನ್ನೇ ಕೆರೆಯುತ್ತ ಹೋದ. ಕೊನೆಯ ಎಂಟರಲ್ಲಿ ಹಳದಿ ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ಹಸಿರು. ಹೊಟ್ಟೆಯ ಸುತ್ತ ಹಸಿರೂ ಇಲ್ಲ, ಸವೆದ ಬರೀ ಉಕ್ಕು. ಸಾಕಷ್ಟು ದುಡಿದ ಮೇಲೆ ಹಳದಿ ಬಣ್ಣ ಕಂಡ ಸ್ಪ್ರಿಂಗುಗಳು ಅವು.

"ಎಸೆದಿದ್ರೆ ನಮ್ಮ ಕೈಗೆ ಸಿಗ್ತಿರಲಿಲ್ಲ," ಎಂದಳು ಜಂದೀರಾ.

"ಎಸೆಯೋದಾ?" ಮೇಸ್ತ್ರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಇನ್ನೂ ಎಷ್ಟು ಕೆಲಸ ಇದೆ ಮೇಡಂ ಅವುಗಳಲ್ಲಿ."

ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ. ಕೇಳುವ ಮೊದಲೇ ಹೇಳತೊಡಗಿದ.

"ಸ್ಪ್ರಿಂಗ್ ಹಾಕಿದ ದಿನ ಬೆಳಗ್ಗೆನೇ ಕುಡಿದಿದ್ದೆ. ಡಬ್ಬದ ಮುಚ್ಚಳ ತೆಗೆದದ್ದು ನೆನಪಿದೆ. ಅದ್ದಿದೆ ಅಂತಲೇ ಅಂದ್ಕೊಂಡು ಹಾಕ್ಬಿಟ್ಟೆ. ಆ ಗುರುವಾರ ಜೊಸಿಯಾಸ್ ಹಸಿರು ನೋಡಿದ, ಹಾಗೇ ಬಿಚ್ಚಿದ. ಕೊನೇ ಬೋಲ್ಟು ತಡೀಲಿಲ್ಲ, ತಟ್ಟೆ ಹಾರಿ ಗದ್ದಕ್ಕೆ ಬಡೀತು. ಸದ್ದು ಕೇಳಿ ಓಡಿ ಬಂದೆ. ಎಲ್ಲರನ್ನೂ ಆಂಬುಲೆನ್ಸ್ ಕರೆಯೋಕೆ ಅಟ್ಟಿ, ಗಟ್ಟಿ ಹಸಿರು ತೆಗೆದು ಮೆತ್ತನೆ ಹಸಿರು ಹಾಕಿದೆ. ತೆಗೆದದ್ದಕ್ಕೆ ಆಮೇಲೆ ಹಳದಿ ಬಳಿದೆ."

"ನೀವು ಕುಡೀತೀರಿ ಅಂತ ಅವನಿಗೆ ಗೊತ್ತಿತ್ತಾ?"

"ನಾಲ್ಕು ವರ್ಷದಿಂದ. ಕೈ ನಡುಗಿದ ದಿನ ನನ್ನ ಕೆಲಸಾನೂ ಅವನೇ ಮಾಡೋನು. ಬಸ್ಸಲ್ಲಿ ಮನೇವರೆಗೂ ಬಿಟ್ಟು ಬರೋನು. ಬಾಯಿ ವಾಸನೆ ಬರಬಾರ್ದು ಅಂತ ಈ ಲವಂಗ ತಂದುಕೊಡ್ತಿದ್ದವನೂ ಅವನೇ. ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ."

"ಬಾಟಲಿ?"

"ನನ್ನದು. ಒರೆಸಿ ಅವನ ಪೆಟ್ಟಿಗೇಲಿಟ್ಟೆ." ಅವನು ಕೈ ನೋಡಿಕೊಂಡ. "ನಲವತ್ತು ವರ್ಷ ಇಲ್ಲಿ ಮೇಸ್ತ್ರಿ ಅನ್ನಿಸ್ಕೊಂಡಿದ್ದೀನಿ. ಅವನು ಹೋಗಿದ್ದ ಮೇಡಂ. ಸತ್ತವನಿಗೆ ಹೆಸರು ಯಾಕೆ ಅಂದ್ಕೊಂಡೆ."

ಜಂದೀರಾಗೆ ಸಿಟ್ಟು ಬಂತು. ಕೊಲೆಗಡುಕರನ್ನು ಕಂಡಾಗಲೂ ಬಾರದಷ್ಟು ಸಿಟ್ಟು. ಅವನಿಗೆ ಕೈಕೋಳ ತೊಡಿಸಿದಳು.

ಸಂಜೆ ಇವೊನೇಚಿಯನ್ನು ಠಾಣೆಗೆ ಕರೆಸಿ, ತಿದ್ದಿದ ವರದಿಯನ್ನು ಓದಿ ಹೇಳಿದಳು. ಮೃತನು ಮದ್ಯಪಾನ ಮಾಡಿರಲಿಲ್ಲ ಎಂಬಲ್ಲಿಗೆ ಬಂದಾಗ ಆಕೆ ಕಣ್ಣು ಮುಚ್ಚಿಕೊಂಡಳು. ಬಾಟಲಿ ಮೇಸ್ತ್ರಿಯದೆಂದು ತಿಳಿದ ಮೇಲೆ ಬೈಬಲ್ಲನ್ನು ಮಡಿಲಿಗೆ ಎಳೆದುಕೊಂಡಳು.

"ದಿನಾ ಪ್ರಾರ್ಥನೇಲಿ, ಒಬ್ಬ ಅಣ್ಣ ಇದಾನೆ, ಅವನನ್ನ ಸಾರಾಯಿಂದ ಬಿಡಿಸಪ್ಪಾ ಅಂತ ಬೇಡ್ತಿದ್ರು. ಯಾರ್ರೀ ಅಂದ್ರೆ, ಹೆಸರು ಹೇಳಿದ್ರೆ ಅವನ ಮಾನ ಹೋಗತ್ತೆ ಅಂತಿದ್ರು. ಇವರು ಹೋದ್ಮೇಲೆ ಯಾಕೆ ನಿಲ್ಲಿಸ್ಬೇಕು ಅಂತ ನಾನೇ ಬೇಡ್ಕೋತಿದ್ದೆ ಮೇಡಂ. ನಿನ್ನೇನೂ ಬೇಡ್ಕೊಂಡೆ."

ವರದಿಯ ಪ್ರತಿಯನ್ನು ಮಡಚಿ ಬೈಬಲ್ಲಿನೊಳಗೆ ಇಟ್ಟುಕೊಂಡಳು.

"ಇವತ್ತಿಂದ ನನ್ನ ಕೈಲಾಗಲ್ಲ," ಎಂದು ಎದ್ದು ಹೊರಟಳು.

ಬೆಂತೊ ಪುಸ್ತಕದಲ್ಲಿ ಬಂಧನದ ವೇಳೆ ಬರೆದ. ಒಳಗಿನ ಕೋಣೆಯಿಂದ ಮುದುಕ ಒಂದು ಲವಂಗ ಇದ್ದರೆ ಕೊಡಿ ಎಂದು ಕೇಳುತ್ತಿದ್ದ.